ಮೊಹರು ನೋಡಿ ಓದಬೇಕಾದ ಕಾದಂಬರಿ

ದಾವಣಗೆರೆಯಲ್ಲಿ ಅಂಚೆ ವಿಂಗಡಣೆ ಕೆಲಸ ಮಾಡಿದವನು ನಾನು. ಕಾಗದ ಕೈಗೆ ಬಂದರೆ ಮೊದಲು ಮೊಹರು ನೋಡುತ್ತೇನೆ, ಆಮೇಲೆ ವಿಳಾಸ. ಫ್ರೆಂಚ್ ಲೇಖಕ ಲಕ್ಲೋ ಬರೆದ 'ಡೇಂಜರಸ್ ಲಿಯೇಜನ್ಸ್' ಕಾದಂಬರಿಯನ್ನೂ ಹಾಗೇ ಓದಿ. ಇಂಗ್ಲಿಷ್ ಅನುವಾದ ಸಾಕು. 1782ರಲ್ಲಿ ಬಂದ ಪುಸ್ತಕ ಇದು. ಒಟ್ಟು 175 ಕಾಗದಗಳು, ಕಥೆ ಹೇಳುವವರು ಬೇರೆ ಯಾರೂ ಇಲ್ಲ.

ಮೊದಲು ಒಂದು ಹಾಳೆ ತಗೊಂಡು ನಾಲ್ಕು ಹೆಸರು ಬರೆದಿಟ್ಟುಕೊಳ್ಳಿ. ಮೆರ್ತೈ, ಶ್ರೀಮಂತ ವಿಧವೆ. ವಾಲ್ಮೋಂ, ಅವಳ ಹಳೆಯ ಪ್ರಿಯಕರ. ಸೆಸಿಲ್, ಈಗಷ್ಟೇ ಕಾನ್ವೆಂಟಿನಿಂದ ಹೊರಬಂದ 15ರ ಹುಡುಗಿ. ತೂರ್ವೆಲ್, ದೈವಭಕ್ತೆ, ನ್ಯಾಯಾಧೀಶನ ಹೆಂಡತಿ. ತನ್ನನ್ನು ಬಿಟ್ಟುಹೋದವನಿಗೆ ಸೆಸಿಲ್ ಜೊತೆ ಮದುವೆ ಗೊತ್ತಾಗಿದೆ ಅಂತ ಮೆರ್ತೈಗೆ ಸೇಡು. ಆ ಹುಡುಗಿಯನ್ನು ಕೆಡಿಸು ಅಂತ ವಾಲ್ಮೋಂಗೆ ಹೇಳುತ್ತಾಳೆ. ಅವನ ಕಣ್ಣು ತೂರ್ವೆಲ್ ಮೇಲೆ. ಉಳಿದವರು ಓದ್ತಾ ಓದ್ತಾ ತಾವೇ ಪರಿಚಯ ಆಗುತ್ತಾರೆ.

ಪ್ರತಿ ಕಾಗದದ ತಲೆಬರಹ, ಕೊನೆಯ ಸಾಲು ಎರಡನ್ನೂ ಓದದೆ ಮುಂದೆ ಹೋಗಬೇಡಿ. ಯಾರು, ಯಾರಿಗೆ ಅನ್ನೋದು ಮೇಲೆ, ಎಲ್ಲಿಂದ, ಯಾವತ್ತು ಅನ್ನೋದು ಕೊನೆಯಲ್ಲಿ. ವಾಲ್ಮೋಂ ತೂರ್ವೆಲ್‌ಗೆ ಬರೆದ 36ನೇ ಕಾಗದದ ಮೇಲೆ ದಿಜೋಂ ಊರಿನ ಮೊಹರು ಇದೆ ಅಂತ ಬರೆದಿದೆ. ವಾಲ್ಮೋಂ ಆಗ ದಿಜೋಂನಲ್ಲಿ ಇಲ್ಲವೇ ಇಲ್ಲ, ತೂರ್ವೆಲ್ ಇರುವ ಮನೆಯಲ್ಲೇ ಇದ್ದಾನೆ! ಅವನ ಕಾಗದಗಳನ್ನು ಅವಳು ತೆಗೆದುಕೊಳ್ಳುತ್ತಿಲ್ಲ. ಗಂಡ ದಿಜೋಂನಲ್ಲಿ ಇರೋದು ಗೊತ್ತಿದ್ದು, ಲಕೋಟೆ ಮೇಲೆ ಆ ಊರಿನ ಮೊಹರನ್ನು ಇವನೇ ನಕಲು ಮಾಡಿ ಟಪಾಲಿನಲ್ಲಿ ಸೇರಿಸುತ್ತಾನೆ. ಗಂಡನ ಕೈಬರಹ ಅಲ್ಲವಲ್ಲ ಅಂತ ಗಾಬರಿಯಾಗಿ ಅವಳು ಒಡೆಯುತ್ತಾಳೆ, ಎಲ್ಲರ ಎದುರೇ. ಹರಿದು ಜೇಬಿಗೆ ಹಾಕಿಕೊಳ್ಳುತ್ತಾಳೆ. ಈ ಕುತಂತ್ರವೆಲ್ಲ 34ರಲ್ಲಿದೆ. ಈಗ 44ಕ್ಕೆ ಹೋಗಿ. ಅವಳ ಕಾಗದಗಳನ್ನು ಕದ್ದು ನೋಡಿದ ವಾಲ್ಮೋಂಗೆ ಅದೇ ಹರಿದ ಕಾಗದ ಸಿಗುತ್ತದೆ, ಚೂರು ಚೂರು ಜೋಡಿಸಿಟ್ಟದ್ದು, ಮೇಲೆ ಕಣ್ಣೀರಿನ ಕಲೆ. ಮೊಹರು ಅಂದರೆ ನಂಬಿಕೆ. ಅದನ್ನೇ ಇವನು ಮುರಿದ. ನನಗೆ ಈ ಪುಸ್ತಕದಲ್ಲಿ ಇದಕ್ಕಿಂತ ನೋವಿನ ಜಾಗ ಒಂದೇ ಇದೆ.

ಅದು 96 ಮತ್ತು 97. ಇವೆರಡನ್ನೂ ಒಂದೇ ಸಲ ಕೂತು ಓದಿ, ನಡುವೆ ಏಳಬೇಡಿ. ರಾತ್ರಿ ಸೆಸಿಲ್ ಕೋಣೆಗೆ ನುಗ್ಗಿದ್ದನ್ನು ವಾಲ್ಮೋಂ ಹೆಮ್ಮೆಯಿಂದ ಬರೆಯುತ್ತಾನೆ. ಅದೇ ರಾತ್ರಿಯನ್ನು ಸೆಸಿಲ್ ಅಳುತ್ತಾ ಬರೆಯುತ್ತಾಳೆ, ಅದೂ ಯಾರಿಗೆ? ಮೆರ್ತೈಗೆ! ಇದನ್ನು ಪ್ರೇಮ, ಸರಸ ಅಂತ ಕರೆಯಬೇಡಿ. ಅತ್ಯಾಚಾರ. ವಾಲ್ಮೋಂನ ಭಾಷೆ ಬಲು ಚಂದ, ಅದಕ್ಕೇ ಹುಷಾರಾಗಿರಬೇಕು.

81ಕ್ಕೆ ಬಂದಾಗ ನಿಧಾನ ಮಾಡಿ. ಮೆರ್ತೈ ತಾನು ಹೀಗೇಕಾದೆ ಅಂತ ಹೇಳುವ ಉದ್ದದ ಕಾಗದ ಅದು. ತನಗೆ ತಾನೇ ನೋವು ಮಾಡಿಕೊಂಡು, ಮುಖದಲ್ಲಿ ಮಾತ್ರ ಸುಖ ತೋರಿಸೋದನ್ನು ಹುಡುಗಿಯಾಗಿದ್ದಾಗಲೇ ಕಲಿತವಳು. ಅವಳನ್ನು ಕ್ಷಮಿಸಬೇಕಾಗಿಲ್ಲ, ಆದರೆ ಅವಳ ಕಾಲದಲ್ಲಿ ಹೆಣ್ಣಿಗೆ ಎಷ್ಟು ಕಮ್ಮಿ ಜಾಗ ಇತ್ತು ಅನ್ನೋದು ಅಲ್ಲಿ ಕಾಣುತ್ತದೆ.

ಸಾಧ್ಯವಾದರೆ ನಾಲ್ಕು ಜನ ಸೇರಿ ಗಟ್ಟಿಯಾಗಿ ಓದಿ, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ವಿದ್ಯಾನಗರದ ನಮ್ಮ ಮನೆಯಲ್ಲಿ ಭಾನುವಾರ ಸಂಜೆ ಹಾಗೇ ಓದುತ್ತೇವೆ. 44 ಮುಗಿದಾಗ ಪಕ್ಕದ ಮನೆ ಟೀಚರಮ್ಮ, "ಹರಿದಾದ ಮೇಲೆ ಮತ್ಯಾಕೆ ಜೋಡಿಸಿದ್ಲು ಈ ಹುಡುಗಿ!" ಅಂದರು. ಆವತ್ತು ಮುಂದಿನ ಕಾಗದಕ್ಕೆ ಹೋಗಲೇ ಇಲ್ಲ. ಮಂಡಕ್ಕಿ, ಮಿರ್ಚಿ ಮಾತ್ರ ಓದು ಮುಗಿದ ಮೇಲೆ. ಎಣ್ಣೆ ಕೈಯಲ್ಲಿ ಪುಟ ಮುಟ್ಟಬಾರದು.

153ರಿಂದ ಕೊನೆಯವರೆಗೆ ಬಿಡುವು ಕೊಡಬೇಡಿ. ವಾಲ್ಮೋಂನ ಕಾಗದದ ಕೆಳಗೇ ಮೆರ್ತೈ ಯುದ್ಧ ಸಾರುತ್ತಾಳೆ. ಅಲ್ಲಿಂದ ಎಲ್ಲವೂ ಬೇಗ ಬೇಗ ನಡೆದುಹೋಗುತ್ತದೆ.

ಇನ್ನೊಂದು ಮಾತು. ಪುಸ್ತಕದ ಶುರುವಿನಲ್ಲಿ ಎರಡು ಮುನ್ನುಡಿ ಇವೆ. ಸಂಪಾದಕ ಇವು ನಿಜವಾದ ಕಾಗದಗಳು ಅನ್ನುತ್ತಾನೆ, ಪ್ರಕಾಶಕ ಇದು ಬರೀ ಕಾದಂಬರಿ ಇರಬೇಕು ಅನ್ನುತ್ತಾನೆ. ಎರಡನ್ನೂ ಬರೆದವನು ಲಕ್ಲೋನೇ. ಇವನ್ನು 175 ಮುಗಿದ ಮೇಲೆ ಓದಿ.