ಡಿವಿಡಿ ರೈಟರ್ ಕಿತ್ತು ಮಿರರ್ ಬಾಕ್ಸ್ ಕೂರಿಸಿದ್ದು

ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಯಕ್ಷಗಾನದ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಇಂಥವೇ. ಮುಕ್ಕಾಲು ಪಾಲು ಪೇಜ್‌ಮೇಕರ್ ಅನ್ನೋ ಪುಟ ಜೋಡಿಸೋ ಸಾಫ್ಟ್‌ವೇರಿನ ಹಳೇ ಫೈಲುಗಳು, ನುಡಿ ಫಾಂಟು. ಹಳೇದು ಅಂತ ಬಿಸಾಡೋ ಹಾಗಿಲ್ಲ. "ದೊಡ್ಡ ಮಗಳಿಗೆ ಮಾಡಿಕೊಟ್ಟಿದ್ರಲ್ಲ, ಅದರಲ್ಲೇ ಹೆಸರು ಬದಲಾಯಿಸಿ ಕೊಡಿ" ಅಂತ ಬರೋರೇ ನಮ್ಮಲ್ಲಿ ಜಾಸ್ತಿ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ, ಮದುವೆ ಸೀಸನ್ ನಟ್ಟನಡುವೆ, ಆ ಫೈಲುಗಳಿದ್ದ ಡಿಸ್ಕ್ ಬೆಳಿಗ್ಗೆ ಟಕ್ ಟಕ್ ಅನ್ನತೊಡಗಿತು. ಸಂಜೆ ಹೊತ್ತಿಗೆ ಕಂಪ್ಯೂಟರಿಗೆ ಅದು ಕಾಣಲೇ ಇಲ್ಲ. ದೀಪಾವಳಿಯಲ್ಲಿ ತೆಗೆದಿಟ್ಟ ಕಾಪಿ ಒಂದಿತ್ತು, ಆಮೇಲಿನ ಐದು ತಿಂಗಳ ಕೆಲಸ ಹೋಯಿತು. ಪ್ರಿಂಟಾದ ಕಾರ್ಡುಗಳನ್ನು ಎದುರಿಗಿಟ್ಟುಕೊಂಡು ಮತ್ತೆ ಟೈಪ್ ಮಾಡುತ್ತಾ ಕೂತ ಆ ವಾರ ಯಾರಿಗೂ ಬೇಡ.

ಆಗ ತಲೆಗೆ ಬಂದದ್ದು ರೇಡ್ 1, ಅಂದರೆ ಬರೆದದ್ದೆಲ್ಲ ಎರಡು ಡಿಸ್ಕಿಗೆ ಒಟ್ಟಿಗೇ ಹೋಗೋ ವ್ಯವಸ್ಥೆ, ಇದನ್ನೇ ಮಿರರ್ ಅನ್ನೋದು. ಒಂದು ಸತ್ತರೆ ಇನ್ನೊಂದರಲ್ಲಿ ಕೆಲಸ ನಡೆಯುತ್ತೆ. ಮದರ್‌ಬೋರ್ಡಿನಲ್ಲೇ ಇದನ್ನು ಮಾಡಬಹುದು, ಆದರೆ ನನ್ನದು ಹಳೇ ಬೋರ್ಡು, ನಾಳೆ ಅದೇ ಹೋದರೆ ಅಂತ ಹೆದರಿಕೆ. ಹಾಗಾಗಿ ತನ್ನಷ್ಟಕ್ಕೆ ತಾನೇ ಮಿರರ್ ಮಾಡೋ ಒಂದು ಕಬ್ಬಿಣದ ಬಾಕ್ಸ್ ತಂದೆ. 5.25 ಇಂಚಿನ ಜಾಗದಲ್ಲಿ, ಅಂದರೆ ಡಿವಿಡಿ ರೈಟರ್ ಕೂರುವಲ್ಲಿ, ಇದು ಕೂರುತ್ತೆ. ಒಳಗೆ 2.5 ಇಂಚಿನ ಎರಡು ಡಿಸ್ಕ್ ಹಿಡಿಯುತ್ತೆ. ಈಗಿನ ಹೊಸ ಕ್ಯಾಬಿನೆಟ್‌ಗಳಲ್ಲಿ ಹೆಚ್ಚಿನವಕ್ಕೆ ಆ ಜಾಗವೇ ಇರೋದಿಲ್ಲ, ತಗೊಳ್ಳೋ ಮುಂಚೆ ನೋಡಿಕೊಳ್ಳಿ.

ಡಿಸ್ಕ್ ಎರಡೂ 1 ಟಿಬಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಒಂದು ತಗೊಂಡೆ, ಇನ್ನೊಂದನ್ನು ಬೇಕಂತಲೇ ಬೇರೆ ಅಂಗಡಿಯಲ್ಲಿ, ಬೇರೆ ಕಂಪನಿಯದು. ಒಂದೇ ಲಾಟಿನವಾದರೆ ಒಂದೇ ಕಾಯಿಲೆಗೆ ಒಟ್ಟಿಗೇ ಮಲಗಬಹುದು, ಅಲ್ವಾ.

ಪ್ಲಗ್ ಕಿತ್ತು ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಕರೆಂಟ್ ಹಂಚೋ ಡಬ್ಬಿ, ಎಸ್‌ಎಂಪಿಎಸ್, ಅದರ ಪಕ್ಕ ಇರುವೆ ಗೂಡು. ಮಲೆನಾಡಿನವರಿಗೆ ಇದು ಹೊಸದಲ್ಲ. ಬ್ರಶ್ಶಿನಲ್ಲಿ ಗುಡಿಸಿ ಡಿವಿಡಿ ರೈಟರ್ ಎಳೆದೆ. ಅದರ ಪವರ್ ಕೇಬಲ್ಲು, ಡೇಟಾ ಸಾಗಿಸೋ ಸಾಟಾ ಕೇಬಲ್ಲೇ ಬಾಕ್ಸಿಗೂ ಆಗುತ್ತೆ, ಹೊಸ ವೈರೇನೂ ಬೇಕಾಗಲಿಲ್ಲ. ತೊಂದರೆ ಕೊಟ್ಟದ್ದು ಸ್ಕ್ರೂ. ಡಬ್ಬಿಯಲ್ಲಿದ್ದ ಒಂದನ್ನು ಹಾಕಿ ತಿರುಗಿಸಿದೆ, ಒಂದು ಸುತ್ತಿಗೇ ಕಚ್ಚಿಕೊಂಡಿತು. ಬಿಚ್ಚಿ ಬೆಳಕಿಗೆ ಹಿಡಿದರೆ ದಪ್ಪ ಥ್ರೆಡ್ಡಿನದು, 3.5 ಇಂಚಿನ ಡಿಸ್ಕಿನದ್ದು. ಇಲ್ಲಿಗೆ ಬೇಕಾದದ್ದು ಸಣ್ಣ ಥ್ರೆಡ್ಡಿನ ಎಂ3. ಡಿವಿಡಿ ರೈಟರಿನಿಂದ ಬಿಚ್ಚಿದ ನಾಲ್ಕೂ ಎದುರಿಗೇ ಬಿದ್ದಿದ್ದವು!

ಗೆಳೆಯನೊಬ್ಬ ಫೋನಿನಲ್ಲಿ "ಬಯೋಸ್‌ಗೆ ಹೋಗಿ ರೇಡ್ ಅಂತ ಮಾಡೋ ಮಾರಾಯ" ಅಂದ. ಮಾಡಬೇಡಿ. ಬಯೋಸ್ ಅಂದರೆ ಆನ್ ಮಾಡಿದ ಕೂಡಲೇ ಸಿಗೋ ಮದರ್‌ಬೋರ್ಡಿನ ಸೆಟ್ಟಿಂಗು, ಅಲ್ಲಿರೋದು ಮದರ್‌ಬೋರ್ಡಿನ ರೇಡ್‌ಗೆ. ಡಿಸ್ಕುಗಳಿಗೆ ಎಹೆಚ್‌ಸಿಐ ಅನ್ನೋ ಮಾಮೂಲಿ ಮೋಡ್ ಇದ್ದದ್ದನ್ನು ಸುಮ್ನೆ ಬದಲಾಯಿಸಿದರೆ ವಿಂಡೋಸೇ ಏಳದೆ ಹೋಗಬಹುದು. ಕಂಪ್ಯೂಟರಿನ ಕಣ್ಣಿಗೆ ಈ ಬಾಕ್ಸ್ ಒಂದೇ ಡಿಸ್ಕ್, ಅಷ್ಟೇ.

ಆನ್ ಮಾಡಿದೆ, ಕಾಣಿಸಿತು, ಖುಷಿಯಲ್ಲಿ ಫಾರ್ಮ್ಯಾಟ್ ಮಾಡಿ ಕಾಪಿ ಹಚ್ಚಿ ಚಾ ಕುಡಿಯೋಕೆ ಹೋದೆ. ಬಂದು ನೋಡಿದರೆ ಡ್ರೈವಿನ ಅಳತೆ 1.81 ಟಿಬಿ. ಅರೆ, 1 ಟಿಬಿಯ ಮಿರರ್ ಆದರೆ ವಿಂಡೋಸ್‌ನ ಲೆಕ್ಕದಲ್ಲಿ 931 ಜಿಬಿ ತೋರಿಸಬೇಕು! ಬಾಕ್ಸ್ ಎರಡನ್ನೂ ಕೂಡಿಸಿ ಒಂದೇ ದೊಡ್ಡ ಡಿಸ್ಕ್ ಮಾಡಿಬಿಟ್ಟಿತ್ತು. ಹಾಗೇ ಬಿಟ್ಟಿದ್ದರೆ ಮಿರರ್ ಇದೆ ಅಂತ ನಂಬಿಕೊಂಡೇ ಎರಡು ಪಟ್ಟು ಅಪಾಯದಲ್ಲಿ ಇರುತ್ತಿದ್ದೆ. ಬಾಕ್ಸಿನ ಹಿಂದೆ ಉಗುರಿನ ಗಾತ್ರದ ಎರಡು ಸ್ವಿಚ್ಚು, ಪಕ್ಕದಲ್ಲಿ ಪಿನ್ನಿನಿಂದ ಒತ್ತೋ ಬಟನ್. ಸ್ವಿಚ್ಚನ್ನು ರೇಡ್ 1ಕ್ಕೆ ಸರಿಸಿ, ಬಟನ್ ಒತ್ತಿ ಹಿಡಿದು ಆನ್ ಮಾಡಬೇಕು. ಹಾಗೆ ಮಾಡಿದಾಗ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತೆ, ಆದ್ದರಿಂದ ಇದು ಮೊದಲ ಕೆಲಸ ಆಗಬೇಕಿತ್ತು.

ಎರಡನೇ ಸಲ 931 ಕಂಡಿತು. ಕಾಪಿ ಮುಗಿದ ಮೇಲೆ ಹೊಸ ಡ್ರೈವಿಗೆ ಹಳೇ ಡಿಸ್ಕಿನ ಡಿ ಅಕ್ಷರವನ್ನೇ ಕೊಟ್ಟೆ. ಪೇಜ್‌ಮೇಕರ್ ಚಿತ್ರಗಳ ದಾರಿಯನ್ನು ಡ್ರೈವ್ ಅಕ್ಷರದ ಸಮೇತ ನೆನಪಿಟ್ಟುಕೊಳ್ಳುತ್ತೆ, ಬೇರೆ ಅಕ್ಷರ ಕೊಟ್ಟರೆ ಪ್ರತಿ ಫೈಲಿನಲ್ಲೂ ಗಣಪತಿ ಎಲ್ಲಿ ಅಂತ ಕೇಳುತ್ತಾ ಕೂರುತ್ತೆ.

ಇಲ್ಲಿಗೆ ಮುಗಿಸಬಾರದು. ಸಾಯಿಸಿ ನೋಡದ ಮಿರರನ್ನು ನಾನು ಮಿರರ್ ಅಂತ ಒಪ್ಪೋದಿಲ್ಲ. ಕೆಲಸ ಇಲ್ಲದ ಒಂದು ಭಾನುವಾರ, ಟ್ರೇ ಮೇಲೆ ಎ, ಬಿ ಅಂತ ಮತ್ತು ಡಿಸ್ಕಿನ ಸೀರಿಯಲ್ ನಂಬರ್ ಬರೆದು ಅಂಟಿಸಿ (ನಿಜವಾಗಿ ಹೋದ ದಿನ ಗಾಬರಿಯಲ್ಲಿ ಚೆನ್ನಾಗಿರೋದನ್ನೇ ಎಳೆದುಬಿಡೋ ಅಪಾಯ ಇರುತ್ತೆ), ಕಂಪ್ಯೂಟರ್ ಆಫ್ ಮಾಡಿ ಬಿ ತೆಗೆದೆ. ಆನ್ ಮಾಡಿದ್ದೇ ತಡ ಬಝರ್ ಕೂಗಿತು. ಅಂಗಡಿ ಹುಡುಗ "ಅಣ್ಣಾ, ಗ್ಯಾಸ್ ಲೀಕಾ?" ಅಂತ ಓಡಿ ಬಂದ. ಈಗ ಆ ಸದ್ದು ಅವನಿಗೂ ಗೊತ್ತು, ನಾನಿಲ್ಲದಾಗ ಕೂಗಿದರೆ ಫೋನ್ ಮಾಡುತ್ತಾನೆ. ಬರೀ ಎ ಮೇಲೆ ಫೈಲು ತೆರೆಯಿತು, ಪ್ರಿಂಟೂ ಬಂತು. ಬಿಯನ್ನು ಇನ್ನೊಂದು ಕಂಪ್ಯೂಟರಿಗೆ ನೇರ ಹಚ್ಚಿದೆ, ಅಲ್ಲೂ ಫೈಲು ಕಂಡವು. ನಾಳೆ ಬಾಕ್ಸೇ ಸತ್ತರೂ ದಾರಿ ಇದೆ ಅಂದ ಹಾಗಾಯಿತು. ಎಲ್ಲ ಬಾಕ್ಸಿನಲ್ಲೂ ಹೀಗೆ ಕಾಣೋದಿಲ್ಲ, ನಿಮ್ಮದನ್ನು ನೀವೇ ನೋಡಬೇಕು.

ಬಿ ವಾಪಸ್ ಹಾಕಿದ ಮೇಲೆ ಮತ್ತೆ ಜೋಡಿಯಾಗೋಕೆ ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತಾಯಿತು. 2.5 ಇಂಚಿನ ದೊಡ್ಡ ಡಿಸ್ಕುಗಳಲ್ಲಿ ಹೆಚ್ಚಿನವು ಎಸ್‌ಎಂಆರ್. ಹೆಂಚು ಹೊದಿಸಿದ ಹಾಗೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಸ್ವಲ್ಪ ಹತ್ತಿಸಿ ಬರೆಯುತ್ತವೆ. ನಡುವಿನ ಹೆಂಚು ಬದಲಾಯಿಸಬೇಕಾದರೆ ಪಕ್ಕದ್ದನ್ನೂ ಎತ್ತಬೇಕಲ್ಲ, ಹಾಗೇ ಇಲ್ಲೂ ನಿಧಾನ. ನನ್ನ ಡಿಟಿಪಿ ಫೈಲಿಗೆ ಪರವಾಗಿಲ್ಲ. ವಿಡಿಯೋ ಮಾಡೋರು ಸಿಎಂಆರ್, ಅಂದರೆ ಸಾಲು ಹತ್ತಿಸದೆ ಬರೆಯೋದು, ಅಂತ ಕೇಳಿ ತಗೊಳ್ಳಿ, ಅವು ಹೆಚ್ಚಾಗಿ 3.5 ಇಂಚಿನವು, ಅದಕ್ಕೆ ದೊಡ್ಡ ಬಾಕ್ಸ್ ಬೇಕಾಗಬಹುದು. ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ, ಅದರಲ್ಲೂ ಮಳೆಗಾಲದಲ್ಲಿ.

ಮೂರು ತಿಂಗಳಾದ ಮೇಲೆ ಹುಡುಗ ಒಂದು ಉಪನಯನದ ಕಾರ್ಡಿನ ಮೇಲೆ ಮದುವೆ ಕಾರ್ಡು ಸೇವ್ ಮಾಡಿಬಿಟ್ಟ. ಎರಡೂ ಡಿಸ್ಕು ಆ ತಪ್ಪನ್ನು ನಿಷ್ಠೆಯಿಂದ ಬರೆದುಕೊಂಡವು. ಅಂದಿನಿಂದ ಪ್ರತಿ ಶನಿವಾರ ಡಿ ಡ್ರೈವಿನ ಕಾಪಿ ಒಂದು ಯುಎಸ್‌ಬಿ ಡಿಸ್ಕಿಗೆ ಹೋಗುತ್ತೆ, ಆ ಡಿಸ್ಕು ಸ್ಕೂಟರ್ ಡಿಕ್ಕಿಯಲ್ಲಿ ಮನೆಗೆ ಬರುತ್ತೆ.