ಜೀನ್ಸ್ ಬಂಡಲ್ಲು, ನಮ್ಮ ಗುಂಡಿ, ಉಗುರಿನ ಕ್ಯಾಪು

12 ಪ್ಯಾಂಟು ವಾಪಸ್ ಬಂದ ದಿನ ನಮ್ಮತ್ತೆ ಖಡಾಖಂಡಿತ ಹೇಳಿಬಿಟ್ರು, ಮನೇಲಿ ಬೆಕ್ಕಾದ್ರೂ ಇರ್ಬೇಕು ಇಲ್ಲ ಹೊಲಿಗೆ ಆದ್ರೂ ಇರ್ಬೇಕು ಅಂತ. ನಾವು ಬಳ್ಳಾರಿ ಕೌಲ್ ಬಜಾರಿನೋರು, ಮನೇಲೇ ಮಷಿನ್ ಹಾಕ್ಕೊಂಡು ಜೀನ್ಸ್ ಜಾಬ್ ವರ್ಕ್ ಮಾಡ್ತೀವಿ. ಕಟಿಂಗ್ ಆದ ಮಾಲು ಬಂಡಲ್ ಕಟ್ಟಿ ಬರುತ್ತೆ, ಹೊಲಿದು ಕೊಟ್ರೆ ವಾಶಿಂಗಿಗೆ ಹೋಗುತ್ತೆ, ಅಲ್ಲಿಂದ ಬಂದ್ಮೇಲೇನೇ ತೊಡೆ ಹತ್ರ ದಾರ ಎಳೆದಿರೋದು ಎದ್ದು ಕಾಣೋದು, ಸ್ಟ್ರೆಚ್ ಬಟ್ಟೆ ಆದ್ರಂತೂ ಮುಗೀತು. ಮಾಲು ಕೊಡೋ ಸೇಟು ಬಿಲ್ಲಲ್ಲಿ ದುಡ್ಡು ಹಿಡ್ಕೊಂಡ್ರು.

ಕಳ್ಳ ಯಾರು ಅಂತ ಹುಡುಕೋ ಹಂಗೇ ಇರ್ಲಿಲ್ಲ. ನಮ್ಮ ಬೆಕ್ಕಿನ ಹೆಸರು ಗುಂಡಿ (ಹೊಲಿಯೋರ ಮನೆ ಬೆಕ್ಕಿಗೆ ಇನ್ನೇನು ಹೆಸರಿಡ್ತಾರೆ), ನಿದ್ದೆಯಿಂದ ಎದ್ದಿದ್ದೇ ಸೀದಾ ಹೋಗಿ ಬಂಡಲ್ ಮೇಲೆ ಎರಡೂ ಮುಂಗಾಲಿಟ್ಟು ಮೈ ಮುರಿದು ಪರ ಪರ ಕೆರೀತಿತ್ತು. ಬಿಟ್ಟು ಬರೋಣ ಅಂದ್ರೆ ಇಲಿ. ಗುಂಡಿ ಬರೋಕ್ ಮುಂಚೆ ಇಲಿ ಕಡಿದು ಹಾಳಾದ ಮಾಲು ಇದಕ್ಕಿಂತ ಜಾಸ್ತಿ, ಅದನ್ನ ಅತ್ತೆಗೆ ನೆನಪು ಮಾಡ್ದೆ, ಸುಮ್ನಾದ್ರು.

ಬೆಂಗಳೂರಲ್ಲಿರೋ ನಮ್ಮ ತಂಗಿ ಹೇಳಿದ್ಲು, ಬೆಕ್ಕಿನ ಉಗುರಿಗೆ ಗಮ್ ಹಾಕಿ ಅಂಟಿಸೋ ಪ್ಲಾಸ್ಟಿಕ್ ಟೋಪಿ ಬರುತ್ತೆ ಅಕ್ಕ, ಆನ್‌ಲೈನಲ್ಲಿ ತರಿಸು ಅಂತ. ಮೊದಲು ದನದ ಡಾಕ್ಟ್ರನ್ನ ಕೇಳ್ದೆ. ಮನೆ ಒಳಗೇ ಇರೋ ಬೆಕ್ಕಾದ್ರೆ ಹಾಕ್ರಿ, ಬೀದಿ ತಿರುಗೋದಕ್ಕೆ ಬ್ಯಾಡ, ನಾಯಿ ಬಂದ್ರೆ ಗೋಡೆ ಹತ್ತಕ್ಕಾಗಲ್ಲ ಅಂದ್ರು. ಉಗುರೇ ತೆಗೆಸಿದ್ರೆ ಹೆಂಗೆ ಸಾರ್ ಅಂದಿದ್ದಕ್ಕೆ ಬೈದ್ರು, ಅದು ಉಗುರು ತೆಗೆಯೋದಲ್ಲಮ್ಮ, ಬೆರಳಿನ ಕೊನೇ ಮೂಳೇನೇ ಕತ್ತರಿಸೋದು ಅಂತ. ಇನ್ನೊಂದು ಮಾತು ಹೇಳಿದ್ರು, ಅದು ಕೆರಿಯೋದು ನಿಮ್ಮ ಮೇಲಿನ ಸಿಟ್ಟಿಗಲ್ಲ, ಉಗುರಿನ ಹಳೇ ಸಿಪ್ಪೆ ಉದುರಿಸ್ಬೇಕು, ಮೈ ಎಳೀಬೇಕು, ಪಾದದಲ್ಲಿರೋ ವಾಸನೆ ಹಚ್ಚಿ ಇದು ನನ್ನ ಜಾಗ ಅಂತ ಗುರ್ತು ಮಾಡ್ಬೇಕು, ಹಂಗಾಗಿ ಕ್ಯಾಪ್ ಹಾಕಿದ್ರೂ ಕೆರಿಯೋದು ನಿಲ್ಲಲ್ಲ, ಬಟ್ಟೆ ಹಾಳಾಗಲ್ಲ ಅಷ್ಟೇ ಅಂತ.

ಪ್ಯಾಕೆಟ್ ಬಂತು, 40 ಕ್ಯಾಪು, ಎರಡು ಗಮ್ ಟ್ಯೂಬು, ಟ್ಯೂಬಿನ ಬಾಯಿಗೆ ಹಾಕೋ ಸಣ್ಣ ಮೂತಿಗಳು. ನಾನು ಆತುರಕ್ಕೆ ಲಾರ್ಜ್ ತರಿಸಿದ್ದೆ, ಉಗುರಿಗೆ ಹಾಕಿದ್ರೆ ಕೊಡಪಾನದಲ್ಲಿ ಕಡ್ಡಿ ಇಟ್ಟಂಗೆ. ಸೈಜು ಬೆಕ್ಕಿನ ತೂಕದ ಮೇಲೆ ಹೋಗುತ್ತೆ, ಗುಂಡೀನ ಚೀಲಕ್ಕೆ ಹಾಕಿ ತಕ್ಕಡೀಲಿ ತೂಗಿದ್ರೆ 3.5 ಕೆಜಿ, ಸ್ಮಾಲ್ ಸಾಕಿತ್ತು. ಮತ್ತೆ ತರಿಸಿದ್ವಿ.

ಮೊದಲ್ನೇ ಸಾರಿ ಪೂರ್ತಿ ಫೇಲು. ಉಗುರು ಕಟ್ ಮಾಡ್ದೇನೇ ಹಾಕ್ದೆ, ಗಮ್ ತುಂಬಿಸಿದ್ದೆ, ಹಾಕಿದ ತಕ್ಷಣ ಹೊರಗೆ ಉಕ್ಕಿ ಕೂದಲಿಗೆ ಅಂಟ್ಕೊಂತು, ಬೆಕ್ಕು ಕಿರುಚ್ತು, ನಾನು ಗಾಬರೀಲಿ ಕೈಗೆ ಸಿಕ್ಕ ಜೀನ್ಸ್ ಚೂರು ತಗೊಂಡು ನನ್ನ ಬೆರಳ ಮೇಲಿನ ಗಮ್ ಒರೆಸ್ಕೊಂಡೆ. ಅಷ್ಟೇ, ಬೆರಳು ಚುರ್ರಂತು. ಈ ಥರ ತಕ್ಷಣ ಹಿಡಿಯೋ ಗಮ್ಮು ಹತ್ತಿ ಬಟ್ಟೆಗೆ ತಾಗಿದ್ರೆ ಬಿಸಿ ಏರುತ್ತೆ, ಬೊಬ್ಬೆ ಬರೋವಷ್ಟು. ಇಷ್ಟು ವರ್ಷ ಡೆನಿಮ್ ಮಧ್ಯೆ ಬದುಕಿ ಅವತ್ತು ಗೊತ್ತಾಯ್ತು. ಹತ್ತಿ ಬಟ್ಟೆ, ಹತ್ತಿ ಉಂಡೆ ಎರಡೂ ಹತ್ರ ಇಟ್ಕೋಬ್ಯಾಡ್ರಿ.

ಎರಡನೇ ಸಾರಿ ಮಧ್ಯಾಹ್ನ ಕರೆಂಟ್ ಹೋದ ಹೊತ್ತಲ್ಲಿ ಕೂತೆ, ಮಷಿನ್ ಸದ್ದಿಲ್ಲ, ಗುಂಡಿ ಮೀನು ತಿಂದು ತೊಡೆ ಮೇಲೆ ಬಿದ್ದಿತ್ತು. ಬೆರಳನ್ನ ಮೇಲೆ ಕೆಳಗೆ ಮೆತ್ತಗೆ ಒತ್ತಿದ್ರೆ ಉಗುರು ಹೊರಗೆ ಬರುತ್ತೆ, ಬೆಳಕಿಗೆ ಹಿಡಿದ್ರೆ ಒಳಗೆ ಗುಲಾಬಿ ಕಾಣುತ್ತಲ್ಲ ಅದು ರಕ್ತ ಇರೋ ಜಾಗ, ಅದನ್ನ ಮುಟ್ಬಾರ್ದು, ಮುಂದಿನ ಬಿಳಿ ಕೊಕ್ಕೆ ಮಾತ್ರ ಕಟರಲ್ಲಿ ಚೂರು ತೆಗೀಬೇಕು. ಆಮೇಲೆ ಗಮ್ ಇಲ್ದೆ ಖಾಲಿ ಕ್ಯಾಪ್ ಒಂದ್ಸಲ ಹಾಕಿ ನೋಡ್ಬೇಕು, ನಾವು ಹೊಲಿಯೋ ಮುಂಚೆ ಪೀಸು ಜೋಡಿಸಿ ನೋಡ್ತೀವಲ್ಲ ಹಂಗೆ. ಸರಿ ಕೂತ್ರೆ ಕ್ಯಾಪಿನ ಮೂರರಲ್ಲಿ ಒಂದು ಪಾಲು ಗಮ್ ಬಿಟ್ಟು, ಬುಡದ ತನಕ ತಳ್ಳಿ ಮೆತ್ತಗೆ ಒತ್ತಿ ಹಿಡೀಬೇಕು, ಚರ್ಮಕ್ಕೆ ತಾಗಬಾರ್ದು, ತಾಗಿದ್ರೆ ಉಗುರು ಒಳಗೆ ಎಳ್ಕೊಳ್ಳಕ್ಕಾಗಲ್ಲ. 5 ನಿಮಿಷ ನೆಕ್ಕೋಕೆ ಬಿಡ್ಬಾರ್ದು, ಅದೇ ಕಷ್ಟ, ನಾನು ಅದರ ಗದ್ದ ಕೆರೀತಾ ಕೂತಿದ್ದೆ. ಅವತ್ತು ಬಲಗಾಲು, ಮಾರನೇ ದಿನ ಎಡಗಾಲು. ಬೆಕ್ಕಿಗೆ 18 ಉಗುರು, ನಾವು ಹಾಕಿದ್ದು ಮುಂದಿನ 10ಕ್ಕೆ ಮಾತ್ರ, ಬಂಡಲ್ ಕೆರಿಯೋದು ಅವೇ ಅಲ್ವಾ.

ಮೊದಲ ದಿನ ಒದ್ದೆ ನೆಲದ ಮೇಲೆ ನಡೆದಂಗೆ ಒಂದೊಂದೇ ಕಾಲು ಎತ್ತಿ ಒದರ್ತಾ ನಡೀತು. ಅತ್ತೆ ನಕ್ಕಿದ್ದೇ ನಕ್ಕಿದ್ದು, ಏನವ್ವಾ ಬೆಕ್ಕಿಗೂ ಚಪ್ಪಲಿ ತಂದೀಯಾ ಅಂತ. ಸಂಜೆಗೆ ಎರಡು ಕಚ್ಚಿ ಕಿತ್ತು ಬಿಸಾಕ್ತು, ಮತ್ತೆ ಹಾಕ್ದೆ, ಮೂರನೇ ದಿನಕ್ಕೆ ಮರೆತೇ ಬಿಡ್ತು. ಬಂಡಲ್ ಮೇಲೆ ಹೋಗಿ ಕೆರೀತು, ದಪ್ ದಪ್ ಅಂತ ಸದ್ದು ಬಂತು, ಒಂದು ದಾರಾನೂ ಎಳೀಲಿಲ್ಲ. ಅವತ್ತು ರಾತ್ರಿ ನಿದ್ದೆ ಚೆನ್ನಾಗಿ ಬಂತು ನೋಡ್ರಿ.

ಕ್ಯಾಪುಗಳು 4ರಿಂದ 6 ವಾರಕ್ಕೆ ಉಗುರಿನ ಹಳೇ ಸಿಪ್ಪೆ ಜೊತೆ ತಾವೇ ಉದುರ್ತವೆ, ಎಲ್ಲಾ ಒಟ್ಟಿಗಲ್ಲ. ನಮ್ಮದೊಂದು ತಪ್ಪು, ಎಡಗಾಲಿನ ಒಳಗಡೆ ಹೆಬ್ಬೆರಳಿಂದು ಉದುರೇ ಇರ್ಲಿಲ್ಲ, ಗಮನಿಸ್ಲಿಲ್ಲ, ಕೆಲಸದ ಗದ್ದಲ. ನೋಡೋ ಹೊತ್ತಿಗೆ ಉಗುರು ಬೆಳೆದು ಚರ್ಮದ ಕಡೆ ಬಾಗಿತ್ತು. ಡಾಕ್ಟ್ರು ಕ್ಯಾಪಿನ ತುದಿ ಕಟ್ ಮಾಡಿ ಸಡಿಲ ಮಾಡಿ ತೆಗೆದ್ರು. ಅವತ್ತಿಂದ ಭಾನುವಾರ ಮಷಿನ್‌ಗೆ ಎಣ್ಣೆ ಬಿಡೋವಾಗ ಗುಂಡಿ ಕಾಲೂ ನೋಡ್ತೀನಿ. ಗಮ್ ಟ್ಯೂಬ್ ಬಿಗಿಯಾಗಿ ಮುಚ್ಚಿ ಫ್ರಿಜ್ಜಲ್ಲಿ ಇಡ್ತೀನಿ, ಮೊದಲ್ನೇದು ಹೊರಗಿಟ್ಟು ಮೂತೀಲೇ ಕಲ್ಲಾಗಿತ್ತು.

ಕೆರಿಯೋದು ನಿಲ್ಲಲ್ಲ ಅನ್ನೋ ಡಾಕ್ಟ್ರ ಮಾತು ತಲೇಲಿತ್ತಲ್ಲ, ಹಳೇ ಮರದ ತುಂಡು ನಿಲ್ಲಿಸಿ ಕಟಿಂಗ್ ಚೂರೆಲ್ಲ ಸುತ್ತಿ ಬಿಗಿಯಾಗಿ ಹೊಲಿದೆ, ಮೂರಡಿ ಎತ್ತರ, ಗುಂಡಿ ನಿಂತು ಚಾಚಿದ್ರೂ ಮಿಗೋವಷ್ಟು. ಮೂಲೇಲಿಟ್ರೆ ತಿರುಗಿ ನೋಡ್ಲಿಲ್ಲ, ಬಂಡಲ್ ಪಕ್ಕ ಇಟ್ಟೆ, ಹೋಗಿ ಕೆರೀತು. ಇವಾಗ ಕ್ಯಾಪು ಸ್ಟ್ರೆಚ್ ಮಾಲು ಬಂದಾಗ, ಹಬ್ಬದ ಆರ್ಡರ್ ಇದ್ದಾಗ ಮಾತ್ರ. ಇವತ್ತಿಗೆ ಎಡಗಾಲಲ್ಲಿ ಎರಡು ಉಳಿದಾವೆ, ದಸರಾ ಮಾಲಿಗೆ ಮುಂಚೆ ಇನ್ನೊಂದು ಪ್ಯಾಕೆಟ್ ತರಿಸ್ಬೇಕು, ಈ ಸಾರಿ ಕೆಂಪು. ನೀಲಿ ತರಿಸಿದ್ದೆ, ಉದುರಿದ್ದು ಜೀನ್ಸ್ ಚೂರಲ್ಲಿ ಕಾಣಲ್ಲ, ಒಂದು ಪ್ಯಾಂಟಿನ ಜೇಬೊಳಗೆ ಸೇರಿ ವಾಶಿಂಗ್ ತನಕ ಹೋಗಿ ಬಂದೈತೆ.