ಕುಂತಿ ಬೆಟ್ಟದ ಬಿರುಕುಗಳಲ್ಲಿ ಮಿಲಿವೋಲ್ಟ್ ಅಳೆದ ಅನುಭವ

ನೆಲದೊಳಗೆ ತಾನಾಗಿಯೇ ಹುಟ್ಟುವ ವಿದ್ಯುತ್ತನ್ನು ರಾಬರ್ಟ್ ಫಾಕ್ಸ್ ಎಂಬ ವಿಜ್ಞಾನಿ 1830ರ ಹೊತ್ತಿಗೇ ಇಂಗ್ಲೆಂಡಿನ ಕಾರ್ನ್‌ವಾಲ್‌ ತಾಮ್ರದ ಗಣಿಗಳಲ್ಲಿ ಅಳೆದಿದ್ದ. ಅಲ್ಲಿ ಅವನಿಗೆ ಬೇಕಿದ್ದುದು ಅದಿರಿನ ಸುಳಿವು. ಪಾಂಡವಪುರದ ಕುಂತಿ ಬೆಟ್ಟದಲ್ಲಿ ನಾನು ಹುಡುಕಿದ್ದು ಬಂಡೆಯ ಬಿರುಕುಗಳಲ್ಲಿ ಜಿನುಗುವ ನೀರನ್ನು. ಕಲ್ಲಿನ ಮೈ ಋಣ ವಿದ್ಯುದಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹರಿಯುವ ನೀರು ಧನ ಅಂಶವನ್ನು ಹೊತ್ತೊಯ್ಯುತ್ತದೆ. ಹೀಗಾಗಿ ನೀರು ಸಾಗುವ ಕಡೆಯ ತುದಿ ಸಾಮಾನ್ಯವಾಗಿ ಹೆಚ್ಚು ಧನವಾಗಿರುತ್ತದೆ.

ಮೊಳೆ ಬಡಿದು ಮಲ್ಟಿಮೀಟರಿನ ತಂತಿ ಸುತ್ತಿದರೆ ಸಿಗುವುದು ಮೊಳೆಯ ವೋಲ್ಟೇಜ್, ಬಂಡೆಯದ್ದಲ್ಲ. ಒದ್ದೆ ಮಣ್ಣು ತಾಗಿದೊಡನೆ ಲೋಹವೇ ಪುಟ್ಟ ಬ್ಯಾಟರಿಯಾಗುತ್ತದೆ. ಆದ್ದರಿಂದ ಹೊಳಪು ಹಾಕದ ಎರಡು ಮಣ್ಣಿನ ಕುಡಿಕೆಗಳಿಗೆ, ತಳದಲ್ಲಿ ಹರಳು ಕರಗದೆ ಉಳಿಯುವಷ್ಟು ಮೈಲುತುತ್ತ (ತಾಮ್ರದ ಸಲ್ಫೇಟ್) ಬೆರೆಸಿದ ನೀರು ತುಂಬಿ, ತಾಮ್ರದ ಕಡ್ಡಿ ಇಳಿಬಿಟ್ಟೆ. ಎರಡನ್ನೂ ಒಂದೇ ಬೋಗುಣಿಯ ಒದ್ದೆ ಜೇಡಿಮಣ್ಣಿನಲ್ಲಿ ಕೂರಿಸಿದಾಗ ವ್ಯತ್ಯಾಸ 1–2 ಮಿಲಿವೋಲ್ಟ್ ಮೀರದಿದ್ದರೆ ಮಾತ್ರ ಬೆಟ್ಟ ಹತ್ತುತ್ತೇನೆ.

ಒಂದು ಕುಡಿಕೆ ಬುಡದ ನೆರಳಿನ ಮಣ್ಣಿನಲ್ಲಿ ಕದಲದೆ ಇರುತ್ತದೆ. ಇನ್ನೊಂದನ್ನು ಉದ್ದ ತಂತಿಯೊಡನೆ ಬಿರುಕಿನ ಗುಂಟ ಒಯ್ಯುತ್ತೇನೆ. ಒಣ ಗ್ರಾನೈಟಿನ ಮೇಲಿಟ್ಟರೆ ಅಂಕಿ ನಿಲ್ಲುವುದೇ ಇಲ್ಲ. ಅಲ್ಲಿನ ರೋಧ ಮೀಟರಿನ ಒಳರೋಧವನ್ನೇ ಸರಿಗಟ್ಟುತ್ತದೆ. ಬಿರುಕಿಗೆ ನೀರು ಸುರಿದು ಜೇಡಿಮಣ್ಣು ಮೆತ್ತಿ, ಅದರ ಮೇಲೆ ಕುಡಿಕೆ ಒತ್ತಿ ಕಾಯಬೇಕು. ಆಗ ತಾನೇ ಸುರಿದ ನೀರು ಇಂಗುವಾಗಲೂ ವೋಲ್ಟೇಜ್ ಹುಟ್ಟುತ್ತದೆ, ಆತುರಪಟ್ಟು ಬರೆದುಕೊಂಡರೆ ಅದೇ ಪುಸ್ತಕಕ್ಕೆ ಹೋಗುತ್ತದೆ. ಕುಡಿಕೆಗೆ ಬಿಸಿಲು ಬೀಳಕೂಡದು: ಒಂದು ಡಿಗ್ರಿ ಏರಿದರೆ 1 ಮಿಲಿವೋಲ್ಟಿಗೆ ಸಮೀಪದಷ್ಟು ಅಂಕಿ ಜಾರುತ್ತದೆ. ಬಂಡೆಗಳ ನಡುವಿನ ಗವಿಯೊಳಗೆ ಈ ಕಾಟವಿಲ್ಲ. ನನಗೆ ನಂಬಿಕೆ ಮೂಡಿಸಿದ ಅಂಕಿಗಳೆಲ್ಲ ಅಲ್ಲಿಯವೇ. ಮಳೆಗಾಲದಲ್ಲಿ ಗವಿಯ ಗೋಡೆ ಒಸರುವಾಗ ಮೇಲಿಗೂ ಕೆಳಗಿಗೂ ಹತ್ತಾರು ಮಿಲಿವೋಲ್ಟ್ ಅಂತರ ಕಂಡಿತು, ಕೆಳಗಿನದು ಧನ. ಬೇಸಿಗೆಯಲ್ಲಿ ಅದೇ ಬಿರುಕು ಬಹುತೇಕ ಸುಮ್ಮನಿತ್ತು.

ಬುಡದ ಹೊಲದಲ್ಲಿ ಪಂಪ್‌ಸೆಟ್ ಓಡುವಾಗ ಅಂಕಿ ಕುಣಿಯುತ್ತದೆ. ತ್ರೀಫೇಸ್ ಕರೆಂಟ್ ಹೋದ ಮೇಲೆಯೇ ಅಳೆಯುತ್ತೇನೆ, ಕೊನೆಗೆ ಬುಡಕ್ಕೆ ಮರಳಿ ಎರಡೂ ಕುಡಿಕೆಗಳನ್ನು ಮತ್ತೆ ಜೊತೆಗಿಟ್ಟು ನೋಡುತ್ತೇನೆ.

"ಬೋರ್‌ವೆಲ್ ಪಾಯಿಂಟ್ ತೋರಿಸುತ್ತದೆಯೇ ಅಣ್ಣ?" ಎಂದು ಹೊಲದವರು ಕೇಳುತ್ತಾರೆ. ಇಲ್ಲವೆಂದೇ ಹೇಳುತ್ತೇನೆ. ಇದು ನೀರಿನ ಚಲನೆಗೆ ಸುಳಿವು. ಎಷ್ಟು ಆಳದಲ್ಲಿ ಎಷ್ಟು ಇಂಚು ನೀರಿದೆ ಎಂದು ಕುಡಿಕೆ ಹೇಳದು. ಸಾಲ ಮಾಡಿ ಕೊರೆಸುವವರಿಗೆ ಈ ಅಂಕಿಯೊಂದನ್ನೇ ಹಿಡಿದು ಜಾಗ ತೋರಿಸುವುದನ್ನು ನಾನು ಒಪ್ಪುವುದಿಲ್ಲ.